ಖಾಲಿ ಬಿಟ್ಟ ಚೌಕ

ಮಗಳ ಓದಿಗೆಂದು ದೇವದುರ್ಗದ ಮನೆಯ ಹಿಂದಿನ ಕೋಣೆಗೆ ಬಣ್ಣ ಹೊಡೆಸಬೇಕಿತ್ತು. ಮೊನ್ನೆ ಖಾಜಾಸಾಬರು ಬಂದು ಗೋಡೆಯ ಹಳೆಯ ಸುಣ್ಣ ಕೆರೆಯತೊಡಗಿದರು. ಸುಣ್ಣದ ಧೂಳಿಗೆ ನಾನು ಸೀನುತ್ತಾ ಹೊರಗೆ ಓಡುವಷ್ಟರಲ್ಲಿ ಅವರೇ ಕರೆದರು.

"ಸರ್, ಇಲ್ಲಿ ಬರ್ರಿ. ಗ್ವಾಡಿ ಮ್ಯಾಲ ಯಾರೋ ಏನೋ ಬರದಾರ ನೋಡ್ರಿ."

ಹಸಿರು ಬಣ್ಣದ ಚೌಕಗಳು, ಅವುಗಳ ನಡುವೆ ಬಾಣಗಳು, ಬಾಣದ ಪಕ್ಕದಲ್ಲಿ 'ಹೌದು', 'ಇಲ್ಲ'. ನಮ್ಮ ಕಾಕಾನ ಅಕ್ಷರ! ಸೀನು ಅಲ್ಲಿಗೇ ನಿಂತಿತು.

ಕಾಕಾ ಎಂದರೆ ಅಪ್ಪನ ತಮ್ಮ. ಕೂಲಿನಾಲಿ ಮಾಡಿಕೊಂಡಿದ್ದ ನಮ್ಮ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು. ಹತ್ತಿದವನು ಹೋಗಿ ಹೋಗಿ ತತ್ವಶಾಸ್ತ್ರ ಓದಿದ. "ಅದನ್ನ ಓದಿದ್ರ ಏನು ಮಾಡಾಕ ಬರ್ತದೋ?" ಎಂದು ಅಜ್ಜಿ ಕೇಳಿದ್ದಕ್ಕೆ ಇಡೀ ಮಧ್ಯಾಹ್ನ ಉತ್ತರ ಹೇಳಿದನಂತೆ. ಅಜ್ಜಿ ಅಷ್ಟರಲ್ಲಿ ಒಂದು ನಿದ್ದೆ ಮುಗಿಸಿದ್ದಳು.

ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿದ್ದ ಅವನಿಗೆ, ಎಂಬತ್ತರ ದಶಕದ ನಡುವೆ, ಶಕ್ತಿನಗರದ ವಿದ್ಯುತ್ ಕೇಂದ್ರದ ಎಂಜಿನಿಯರ್ ಒಬ್ಬರ ಸ್ನೇಹವಾಯಿತು. ಕಂಪ್ಯೂಟರಿಗೆ ಕೆಲಸ ಹೇಳುವ ಮೊದಲು ಹೀಗೆ ಹೌದು-ಇಲ್ಲಗಳ ನಕ್ಷೆ ಬರೆಯುತ್ತಾರೆಂದು ಅವರು ಹೇಳಿದ್ದೇ ತಡ, ಕಾಕಾನ ತಲೆಗೆ ಹುಳ ಹೊಕ್ಕಿತು. ಯಂತ್ರಕ್ಕೆ ಲೆಕ್ಕ ಕಲಿಸಬಹುದಾದರೆ ವಿವೇಕ ಯಾಕೆ ಕಲಿಸಬಾರದು? ಬುದ್ಧನ ಕರುಣೆಯನ್ನೂ ಚೌಕದಲ್ಲಿ ಕೂರಿಸಬಹುದೇ? ಭಾನುವಾರ ಊರಿಗೆ ಬಂದವನೇ ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ಹಿಡಿದು ಗೋಡೆಯೆದುರು ನಿಂತ.

ಮೊದಲ ನಕ್ಷೆ, ಬಂದವರಿಗೆ ಚಹಾ ಕೊಡಬೇಕೋ ಬೇಡವೋ ಎಂಬುದು. ನಗಬೇಡಿ, ಅದಕ್ಕೇ ಅರ್ಧ ಗೋಡೆ ಹಿಡಿಯಿತು. "ನೀ ಇದನ್ನ ಬರದು ಮುಗಿಸೂದ್ರಾಗ ಬಂದವರು ಎದ್ದು ಹೋಗಿರ್ತಾರ," ಎಂದು ಅಜ್ಜಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ನನಗೋ ಆ ಆಟದ ಹುಚ್ಚು ಹಿಡಿದು, ಶಾಲೆಗೆ ಹೋಗಬೇಕೋ ಬೇಡವೋ ಎಂದು ನನ್ನದೇ ನಕ್ಷೆ ಬರೆದೆ. ಯಾವ ಬಾಣ ಹಿಡಿದರೂ 'ಬೇಡ' ಎಂಬಲ್ಲಿಗೇ ಬಂದು ತಲುಪುತ್ತಿತ್ತು.

ಆ ಬೇಸಿಗೆಯಲ್ಲಿ ನನ್ನ ಅಕ್ಕ ರತ್ನಳಿಗೆ ರಾಯಚೂರಿನಲ್ಲಿ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತು. ಅದೇ ಹೊತ್ತಿಗೆ ಮಾನ್ವಿಯಿಂದ ಒಂದು ಸಂಬಂಧವೂ ಬಂತು. ಮದುವೆ ಕೂಡಲೇ ಆಗಬೇಕು, ಹುಡುಗಿ ಓದು ಬಿಡಬೇಕು ಎಂದರು. ಅಪ್ಪನಿಗೆ ಅನ್ನ ಸೇರದಾಯಿತು. ಕೊನೆಗೆ ತಮ್ಮನಿಗೆ ಹೇಳಿದ, "ನಿನ್ನ ಗ್ವಾಡಿನ್ನರ ಕೇಳಿ ಹೇಳಪಾ."

ಕಾಕಾ ಬರೆದ. ಹುಡುಗ ಒಳ್ಳೆಯವನೇ? ಹೌದು. ನೌಕರಿ ಇದೆಯೇ? ಹೌದು. ಊರು ದೂರವೇ? ಇಲ್ಲ. ಕೊನೆಯ ಬಾಣ ನೆಟ್ಟಗೆ ಹೋಗಿ 'ಮದುವೆ' ಎಂಬಲ್ಲಿ ನಿಂತಿತು. ಅಕ್ಕ ಬಾಗಿಲಲ್ಲೇ ನಿಂತು ಎಲ್ಲ ಓದಿದಳು.

"ಕಾಕಾ, ಎಲ್ಲಾ ಕೇಳೀದಿ. ನನಗೇನು ಬೇಕಂತ ಕೇಳೋ ಚೌಕ ಎಲ್ಲಿ ಅದ?"

ಕಾಕಾ ಗೋಡೆ ನೋಡಿದ, ಅಕ್ಕನನ್ನು ನೋಡಿದ. ಕುಂಚ ಕೆಳಗಿಟ್ಟ. "ಏನು ಬೇಕವ್ವ ನಿನಗ?"

"ಓದಬೇಕು."

"ಮಾನ್ವಿಯವ್ರಿಗೆ ಏನಂತ ಹೇಳ್ಲಿ?" ಎಂದ ಅಪ್ಪ.

"ಹುಡುಗಿ ಓದ್ತಾಳ ಅಂತ ಹೇಳಣ್ಣಾ. ನಮ್ಮ ಗ್ವಾಡಿ ತಪ್ಪಿತ್ತು."

ಅಕ್ಕ ಆ ವರ್ಷವೇ ರಾಯಚೂರಿಗೆ ಹೋದಳು. ಮುಂದೆ ಮಲ್ಲಟದ ಶಾಲೆಯಲ್ಲಿ ಟೀಚರ್ ಆದಳು. ಕಾಕಾ ಬೇಸರಪಡಲಿಲ್ಲ, ಇನ್ನಷ್ಟು ಹುರುಪಿನಿಂದ ಬರೆದ. ಆದರೆ ಅಲ್ಲಿಂದಾಚೆಗೆ ಪ್ರತಿ ನಕ್ಷೆಯ ತುದಿಗೆ ಒಂದು ಚೌಕವನ್ನು ಖಾಲಿ ಬಿಡುತ್ತಿದ್ದ. "ನಾವು ಕೇಳೂದು ಮರ್ತಿರ್ತೀವಲ್ಲ, ಆ ಪ್ರಶ್ನಿಗೆ ಜಾಗ ಇದು," ಎನ್ನುತ್ತಿದ್ದ. ಖಾಲಿ ಚೌಕ ಇಟ್ಟರೆ ಕಂಪ್ಯೂಟರ್ ನಡೆಯುತ್ತದೆಯೇ ಎಂದು ನಾನು ಕೆಣಕಿದರೆ, "ಅದು ನಡೀತದೋ ಇಲ್ಲೋ ಗೊತ್ತಿಲ್ಲಪಾ. ಮನಿ ನಡೀತದ," ಎಂದು ನಗುತ್ತಿದ್ದ. ಅವನು ಈಗಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಇಂದಿನ ಫೋನುಗಳನ್ನು ಅವನಿಗೆ ತೋರಿಸಬೇಕಿತ್ತು ಎಂದು ಆಸೆಯಾಗುತ್ತದೆ. ಖಾಲಿ ಚೌಕ ಎಲ್ಲಿದೆ ಎಂದು ಮೊದಲು ಹುಡುಕುತ್ತಿದ್ದನೇನೋ.

"ಅಳಿಸಿಬಿಡ್ಲೇನ್ರಿ ಸರ್?" ಖಾಜಾಸಾಬರು ಕೇಳಿದರು.

ಹ್ಞೂಂ ಎನ್ನಲು ಬಾಯಿ ತೆರೆದವನು ಬಾಗಿಲ ಕಡೆ ನೋಡಿದೆ. ಅಕ್ಕ ನಿಂತಿದ್ದ ಜಾಗದಲ್ಲೇ ಮಗಳು ನಿಂತಿದ್ದಳು. "ನಿನಗ ಯಾವ ಬಣ್ಣ ಬೇಕವ್ವ?" ಎಂದೆ.

"ಈಗ ಕೇಳಾಕತ್ತೀಯೇನಪ್ಪಾ? ಡಬ್ಬಿ ತಂದಿಟ್ಟ ಮ್ಯಾಲ?"

ಕೆನೆ ಬಣ್ಣದ ಡಬ್ಬಿಗಳು ನನ್ನ ಕಾಲ ಬಳಿಯೇ ಇದ್ದವು. ಖಾಜಾಸಾಬರಿಗೆ ಸ್ವಲ್ಪ ತಡೆಯಿರಿ ಎಂದು, ಕಾಕಾನ ಗೋಡೆಯೆದುರು ನಿಂತುಕೊಂಡೇ ನಾನು ಅವುಗಳನ್ನು ಚೀಲಕ್ಕೆ ಹಾಕಿದೆ, ಮಗಳಿಗೆ ಚಪ್ಪಲಿ ಹಾಕಿಕೋ ಎಂದೆ. ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿ ಬಿಡಲಿ, ಬಣ್ಣ ಆರಿಸುವವಳು ಅವಳೇ.