ಮುಂದಿನ ಸೀಟು

ಅವರ ಬಲಗೈ ಎಡಗೈಗಿಂತ ಕಪ್ಪಾಗಿತ್ತು. ಮೊಣಕೈಯನ್ನು ಕಾರಿನ ಕಿಟಕಿಯ ಮೇಲಿಟ್ಟುಕೊಂಡು ವರ್ಷಗಟ್ಟಲೆ ಬಿಸಿಲಿನಲ್ಲಿ ಓಡಿಸಿದ್ದರ ಗುರುತು ಅದು. ಕೈ ಜೋಡಿಸಿ ನಮಸ್ಕಾರ ಮಾಡಿದರೆ ಇಬ್ಬರ ಕೈಗಳನ್ನು ತಂದು ಕೂಡಿಸಿದಂತೆ ಕಾಣುತ್ತಿತ್ತು. ರಾಜಾಜಿನಗರದಲ್ಲಿ ಆಗತಾನೇ ಎದ್ದಿದ್ದ ಸಾಲುಮನೆಗಳಲ್ಲಿ ನಮ್ಮದೊಂದು. ನಡುಗೋಡೆಯ ಆಚೆ ಅವರ ಮನೆ. ಅವರು ಓಡಿಸುತ್ತಿದ್ದ ಬಾಡಿಗೆ ಕಾರು ಮಾಗಡಿ ರಸ್ತೆಯ ಸಾಹುಕಾರರೊಬ್ಬರದು. ಸಾಲಿನ ಮಕ್ಕಳಿಗೆಲ್ಲ ಅವರು ಡ್ರೈವರ್ ಮಾಮ. ಹತ್ತೊಂಬತ್ತು ತುಂಬಿದ ಮೇಲೂ ನನಗೆ ಅವರು ಡ್ರೈವರ್ ಮಾಮನೇ.

ಆ ಸಾಲಿನಲ್ಲಿ ನನಗೂ ಒಂದು ಹೆಸರಿತ್ತು, ಒಳ್ಳೆಯದಲ್ಲ. ಮೋಟಾರು ಯಾವುದೇ ಇರಲಿ, ಹತ್ತಿದ ಅರ್ಧ ಗಂಟೆಗೆ ನನಗೆ ವಾಂತಿ. ಇದಕ್ಕೆ ಅಮ್ಮನ ಹತ್ತಿರ ಮದ್ದಿತ್ತು. ಹೊಟ್ಟೆ ತಂಪಾಗಿರಲಿ ಎಂದು ಹೊರಡುವ ಮುಂಚೆ ಗಡದ್ದಾಗಿ ಮೊಸರನ್ನ ತಿನ್ನಿಸುವುದು, ಕೈಗೊಂದು ನಿಂಬೆಹಣ್ಣು ಕೊಡುವುದು, ಹಿಂದಿನ ಸೀಟಿನ ನಡುವೆ ಕೂರಿಸಿ ತನ್ನ ತೊಡೆಗೆ ನನ್ನ ತಲೆ ಒತ್ತಿಕೊಂಡು ಮೇಲೆ ಸೆರಗು ಮುಚ್ಚುವುದು. ನನಗೆ ವಾಂತಿ ಮಾಡಿಸಲೇಬೇಕೆಂದು ಯಾರಾದರೂ ಕೂತು ಯೋಚಿಸಿದ್ದರೂ ಇಷ್ಟು ಅಚ್ಚುಕಟ್ಟಾದ ಉಪಾಯ ಹೊಳೆಯುತ್ತಿರಲಿಲ್ಲ. ಆದರೂ ಪ್ರತಿ ಸಲ ಅದನ್ನೇ ಮಾಡುತ್ತಿದ್ದೆವು, ಪ್ರತಿ ಸಲ ಅದೇ ಆಗುತ್ತಿತ್ತು.

ಆ ವರ್ಷ ನನಗೆ ಟೀಚರ್ ಕೆಲಸಕ್ಕೆ ಆರ್ಡರ್ ಬಂತು. ಮಾಗಡಿಯ ಆಚೆ, ಕುಣಿಗಲ್ ದಿಕ್ಕಿನ ಒಂದು ಊರಿನ ಶಾಲೆ. ಉಳಿದುಕೊಳ್ಳಲು ಅಲ್ಲಿ ಅಮ್ಮನ ದೂರದ ಅಕ್ಕನ ಮನೆಯಿತ್ತು. ಅಪ್ಪನ ಜೊತೆ ಬಸ್ಸಿನಲ್ಲಿ ಹೊರಟವಳು ಮಾಗಡಿ ತಲುಪುವಷ್ಟರಲ್ಲಿ ಪಕ್ಕದವರ ಮೇಲೆಲ್ಲ ವಾಂತಿ ಮಾಡಿ, ಬಸ್‌ಸ್ಟ್ಯಾಂಡಿನಲ್ಲಿ ತಲೆಸುತ್ತಿ ಬಿದ್ದೆ. ಅಲ್ಲಿಂದಲೇ ವಾಪಸ್ಸು. ಅಪ್ಪ ಕಾಗದ ಬರೆದು ಕೇಳಿಕೊಂಡ ಮೇಲೆ ಇನ್ನೊಂದು ವಾರ ಗಡುವು ಸಿಕ್ಕಿತು. ಮುಂದಿನ ಸೋಮವಾರ ಮಧ್ಯಾಹ್ನದೊಳಗೆ ಬಂದು ಸಹಿ ಹಾಕದಿದ್ದರೆ ಕೆಲಸ ಬೇರೆಯವರಿಗೆ. ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ನನಗೆ ಏನೋ ಕಾಯಿಲೆಯಿದೆಯೆಂಬ ಗುಸುಗುಸು ಹಬ್ಬಿತು. ಅಪ್ಪ ಮಿಲ್ಲಿನಲ್ಲಿ ಗುಮಾಸ್ತರು, ಮರ್ಯಾದೆಗೆ ಅಂಜುವ ಮನುಷ್ಯ. ಕೆಲಸವೂ ಬೇಡ, ಊರೆಲ್ಲ ನೋಡುವುದೂ ಬೇಡ ಎಂದುಬಿಟ್ಟರು. ನಾನು ಹಿತ್ತಿಲಲ್ಲಿ ಕೂತು ಅತ್ತೆ. ಆ ಕೆಲಸ ನನಗೆ ಬೇಕಾಗಿತ್ತು, ತುಂಬಾ ಬೇಕಾಗಿತ್ತು.

ನಡುಗೋಡೆ ತೆಳ್ಳಗಿತ್ತು. ಮಾರನೆಯ ದಿನ ಡ್ರೈವರ್ ಮಾಮ ಬಂದು ನಮ್ಮ ಹೊಸಿಲಿನ ಹೊರಗೇ ನಿಂತರು. ಸೋಮವಾರ ಕುಣಿಗಲ್‌ನಿಂದ ಮದುವೆಯವರನ್ನು ಕರೆತರಲು ಕಾರು ಖಾಲಿ ಹೋಗುತ್ತದೆ, ಸಾಹುಕಾರರನ್ನು ಕೇಳಿದ್ದೇನೆ ಎಂದರು. ಆಮೇಲೆ ಮೆಲ್ಲಗೆ, ಮಗಳು ಮುಂದಿನ ಸೀಟಿನಲ್ಲಿ ಕೂರಬೇಕು ಎಂದರು.

ಅಪ್ಪನ ಮುಖ ಗಂಟಾಯಿತು. ಮದುವೆಯಾಗದ ಹುಡುಗಿ ಡ್ರೈವರ್ ಪಕ್ಕ ಕೂರುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಹೆಂಗಸರಿಗೆ ಹಿಂದಿನ ಸೀಟು, ಅದೂ ಪರದೆ ಎಳೆದು. ಡ್ರೈವರ್ ಮಾಮ ವಾದ ಮಾಡಲಿಲ್ಲ. ಯುದ್ಧದ ಕಾಲದಲ್ಲಿ ತಾವು ಬರ್ಮಾ ಗಡಿಯಲ್ಲಿ ಮಿಲಿಟರಿ ಲಾರಿ ಓಡಿಸಿದ್ದನ್ನು ಹೇಳಿದರು. ಹಿಂದೆ ಕೂತ ಸಿಪಾಯಿಗಳೆಲ್ಲ ವಾಂತಿ ಮಾಡಿಕೊಂಡರೂ ಚಕ್ರ ಹಿಡಿದ ಇವರಿಗೆ ಏನೂ ಆಗುತ್ತಿರಲಿಲ್ಲವಂತೆ. ಒಂದು ದಿನ ಕೈಗೆ ಪೆಟ್ಟಾಗಿ ತಾವೂ ಹಿಂದೆ ಕೂರಬೇಕಾಯಿತಂತೆ.

"ಅವತ್ತು ಎಲ್ಲರಿಗಿಂತ ಮೊದಲು ಕಕ್ಕಿದ್ದು ನಾನೇ ಸ್ವಾಮಿ. ಹೊಟ್ಟೇದೇನೂ ತಪ್ಪಿಲ್ಲ. ಕಣ್ಣಿಗೆ ದಾರಿ ಕಾಣ್ಬೇಕು, ಅಷ್ಟೆ."

ಆಗಿನ ಕಾರುಗಳಲ್ಲಿ ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕೆ ಒಂದೇ. ನಡುವೆ ಅಪ್ಪ, ಕಿಟಕಿಯ ಪಕ್ಕ ನಾನು ಎಂದು ಕೊನೆಗೆ ಒಪ್ಪಂದವಾಯಿತು.

ಸೋಮವಾರ ಬೆಳಿಗ್ಗೆ ಮೊಸರನ್ನಕ್ಕೆ ರಜೆ. ಒಂದು ಒಣ ರೊಟ್ಟಿ, ಎರಡು ಗುಟುಕು ನೀರು, ಅಷ್ಟೇ ಎಂದು ಡ್ರೈವರ್ ಮಾಮ ಹಿಂದಿನ ದಿನವೇ ಹೇಳಿ ಕಳಿಸಿದ್ದರು. ವಾಸನೆ ಇರಬಾರದೆಂದು ಪೆಟ್ರೋಲನ್ನು ರಾತ್ರಿಯೇ ಹಾಕಿಸಿ, ಕಾರಿನ ಒಳಗೆಲ್ಲ ಬರೀ ನೀರಿನಲ್ಲಿ ಒರೆಸಿದ್ದರು. ಬೀಡಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಬೀಡಿಯಿಲ್ಲದೆ ಅವರು ಒಂದು ಗಂಟೆ ಇದ್ದದ್ದನ್ನು ನಾನು ನೋಡಿರಲಿಲ್ಲ.

ಶ್ರೀಗಂಧದ ಕಾವಲಿನ ಹತ್ತಿರ ಊರು ಮುಗಿಯಿತು. ಡ್ರೈವರ್ ಮಾಮ ದೂರಕ್ಕೆ ನೋಡಲು ಹೇಳಿದರು. ಗುಡ್ಡ ಕಂಡರೆ ಗುಡ್ಡ, ಇಲ್ಲವಾದರೆ ರಸ್ತೆ ಹೋಗಿ ಮುಗಿಯುವ ಜಾಗ. ಪ್ರತಿ ತಿರುವಿಗೂ ಮುಂಚೆ "ಎಡಕ್ಕೆ ಬರುತ್ತೆ ಕಣಮ್ಮ", "ಈಗ ಬಲಕ್ಕೆ" ಎನ್ನುತ್ತಿದ್ದರು. ಹೇಳಿದ ಮೇಲೆ ಮೈ ತಾನೇ ಸಿದ್ಧವಾಗುತ್ತಿತ್ತು. ತಾವರೆಕೆರೆ ದಾಟಿತು, ಸಾವನದುರ್ಗದ ಬಂಡೆ ಕಾಣಿಸಿತು. ನನ್ನ ಹೊಟ್ಟೆ ಸುಮ್ಮನಿತ್ತು. ಬದುಕಿನಲ್ಲಿ ಮೊದಲ ಸಲ ನಾನು ರಸ್ತೆಯನ್ನು ನೋಡುತ್ತಿದ್ದೆ, ಖುಷಿಯಿಂದ ನೋಡುತ್ತಿದ್ದೆ.

ಅಪ್ಪನ ಕಡೆ ಯಾರೂ ನೋಡಿರಲಿಲ್ಲ. ಕೋಟು ಹಾಕಿ ಪೇಟ ಸುತ್ತಿದ್ದ ಅವರು ಕಾರಿನ ಗೇರ್ ಕೋಲು ತಾಗದಂತೆ ಮಂಡಿಗಳನ್ನು ಓರೆ ಮಾಡಿಕೊಂಡು, ನನಗೆ ಒಳ್ಳೆಯದಾಗಲೆಂದು ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಿದ್ದರು. ಮಾಗಡಿಗೆ ಇನ್ನೂ ದೂರವಿದ್ದಾಗ ಸ್ತೋತ್ರ ನಿಂತಿತು. ಡ್ರೈವರ್ ಮಾಮ ಕಾರು ನಿಲ್ಲಿಸುವಷ್ಟರಲ್ಲಿ ಕೋಟಿನ ಮೇಲೆಲ್ಲ ವಾಂತಿ.

ನನಗೆ ನಗು ಬಂತು, ಮರುಗಳಿಗೆಯೇ ಅಳು ಬಂತು. ಅಪ್ಪ ಹುಣಸೆಮರದ ಕೆಳಗೆ ಕೂತವರು ಏಳಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಮತ್ತೆ ಹತ್ತಿಸಿದರೆ ಮತ್ತೆ ವಾಂತಿ. ಸುಧಾರಿಸಿಕೊಳ್ಳಲಿ ಎಂದು ಕಾದರೆ ಮಧ್ಯಾಹ್ನ ಕಳೆಯುತ್ತದೆ, ನನ್ನ ಕೆಲಸವೂ ಹೋಗುತ್ತದೆ. ಡ್ರೈವರ್ ಮಾಮ ನೀರು ಕೊಟ್ಟು, ಕೋಟು ತೊಳೆದು ಕೊಂಬೆಗೆ ಹಾಕಿ, ದೂರ ಹೋಗಿ ನಿಂತರು. ಹೀಗೆ ಮಾಡಿ ಎಂದು ಒಂದು ಮಾತೂ ಆಡಲಿಲ್ಲ.

ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು. ನಾನು ಗಟ್ಟಿಯಾಗಿ ನಿಂತಿದ್ದೆ, ಬಿದ್ದಿದ್ದವರು ಅವರು. ಆಮೇಲೆ ಕೂಗಿ ಹೇಳಿದರು: "ಡ್ರೈವರ್ರೇ, ಹೊತ್ತಾಗುತ್ತೆ. ನೀವು ಕರ್ಕೊಂಡು ಹೋಗಿ. ಅವಳು ಮುಂದೇನೇ ಕೂತ್ಕೊಳ್ಲಿ."

ಹೋದೆವು. ದಾರಿಯುದ್ದಕ್ಕೂ ಡ್ರೈವರ್ ಮಾಮ ತಿರುವುಗಳನ್ನು ಬಿಟ್ಟು ಬೇರೇನೂ ಮಾತಾಡಲಿಲ್ಲ. ಊರಿನ ಹೊರಗೆ ಕಾರು ನಿಲ್ಲಿಸಿ, ಇಲ್ಲಿಂದ ಹಿಂದಿನ ಸೀಟಿಗೆ ಹೋಗಮ್ಮ, ಈ ಊರಲ್ಲಿ ನೀನು ಬಾಳಬೇಕು ಎಂದರು. ಸೀರೆಯ ನೆರಿಗೆಯೂ ಮುದುಡದ ಹಾಗೆ ಇಳಿದು, ಹನ್ನೊಂದೂವರೆಗೆ ಸಹಿ ಹಾಕಿದೆ. ಅವರು ಹಿಂದಕ್ಕೆ ಹೋಗಿ, ಅಪ್ಪನನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ನಿಧಾನವಾಗಿ ಕರೆತಂದು ದೊಡ್ಡಮ್ಮನ ಮನೆಗೆ ಬಿಟ್ಟರು. ಅಷ್ಟು ಹೊತ್ತಿಗೆ ಕುಣಿಗಲ್‌ನಲ್ಲಿ ಮದುವೆಯವರು ಕಾದು ಕಾದು ಕೆಂಡವಾಗಿದ್ದರು.

ಕಾರು ಕೆಟ್ಟು ನಿಂತಿತ್ತು ಎಂದು ಡ್ರೈವರ್ ಮಾಮ ಎಲ್ಲರಿಗೂ ಹೇಳಿದರು. ನಿಜ ಹೇಳಿದ್ದರೆ ನಾನು ಒಬ್ಬಳೇ ಅವರ ಜೊತೆ ಹೋದದ್ದು ಊರಿಗೆ ಗೊತ್ತಾಗುತ್ತಿತ್ತು. ಸಾಹುಕಾರರು ಅವರನ್ನು ಜನರ ಎದುರಿಗೇ ಬೈದರಂತೆ, ಇಂಜಿನ್ ನೋಡಿಕೊಳ್ಳಲು ಬಾರದವನು ಎಂದರಂತೆ. ಡ್ರೈವರ್ ಮಾಮನಿಗೆ ಹಣಕಾಸಿನ ಜಂಬವಿರಲಿಲ್ಲ, ಓದಿನ ಜಂಬವಿರಲಿಲ್ಲ. ಇದ್ದ ಒಂದೇ ಜಂಬ ತಮ್ಮ ಗಾಡಿ ಎಂದೂ ನಡುದಾರಿಯಲ್ಲಿ ನಿಂತಿಲ್ಲ ಎಂಬುದು. ಆಮೇಲೆ ಅವರು ಆ ಮಾತು ಆಡುವುದನ್ನೇ ಬಿಟ್ಟರು. ನಾನೂ ಅಪ್ಪನೂ ಬಾಯಿ ಮುಚ್ಚಿಕೊಂಡಿದ್ದೆವು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಾಲ್ಕು ವರ್ಷದ ಮೇಲೆ ಎದೆನೋವು ಬಂದು ಅವರು ಒಂದೇ ದಿನದಲ್ಲಿ ಹೋಗಿಬಿಟ್ಟರು. ಸುದ್ದಿ ತಿಳಿದು ಮೊದಲ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಬಂದೆ. ಬಾಗಿಲ ಮುಂದೆ ಗಂಡಸರು ಕೂತಿದ್ದರು, ಒಳಗೆ ಅಮ್ಮ ಅವರ ಹೆಂಡತಿಯನ್ನು ಹಿಡಿದುಕೊಂಡಿದ್ದಳು. ಸಾಹುಕಾರರೂ ಬಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಇಷ್ಟು ವರ್ಷದಲ್ಲಿ ಅವನ ಕೈಯಲ್ಲಿ ಗಾಡಿ ಕೆಟ್ಟದ್ದು ಒಂದೇ ಸಲ, ಆ ಮಾಗಡಿ ರಸ್ತೆಯಲ್ಲಿ, ಎಂದು.

ಅಪ್ಪ ಎದ್ದು ನಿಂತರು. ಆಗ ನನ್ನ ಮದುವೆಯ ಮಾತು ನಡೆಯುತ್ತಿತ್ತು, ಹುಡುಗನ ಕಡೆಯವರೊಬ್ಬರು ಅದೇ ಬೀದಿಯಲ್ಲಿದ್ದರು. ಅಪ್ಪನಿಗೆ ಅದೆಲ್ಲ ಗೊತ್ತಿತ್ತು. ಅವತ್ತು ವಾಂತಿಯಾಗಿ ಹುಣಸೆಮರದ ಕೆಳಗೆ ಬಿದ್ದಿದ್ದವನು ನಾನು, ನನ್ನ ಮಗಳನ್ನು ಅವರೊಬ್ಬರೇ ಕರೆದುಕೊಂಡು ಹೋಗಿ ಕೆಲಸಕ್ಕೆ ಸೇರಿಸಿ ಬಂದರು ಎಂದು, ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು.

ಡ್ರೈವರ್ ಮಾಮನ ಹೆಂಡತಿ ಎದ್ದು ಬಾಗಿಲಿಗೆ ಬಂದರು. ನಾಲ್ಕು ವರ್ಷ ಅವರಿಗೂ ಏನೂ ಗೊತ್ತಿರಲಿಲ್ಲ.

"ಹಂಗಾದ್ರೆ ನಮ್ಮೋರ ಗಾಡಿ ಅವತ್ತು ಕೆಟ್ಟಿರ್ಲಿಲ್ವಾ ಸ್ವಾಮಿ?"

"ಇಲ್ಲಮ್ಮ," ಎಂದರು ಅಪ್ಪ. "ಒಂದು ದಿನಾನೂ ಕೆಟ್ಟಿಲ್ಲ."