ಫೆಲಿಕ್ಸನ ಅಪ್ಪ

ಅವರ ಕುತ್ತಿಗೆ ತಿರುಗುತ್ತಿರಲಿಲ್ಲ. ಯಾವುದೋ ಹಳೆಯ ಅಪಘಾತದ ಪೆಟ್ಟು. ಹಿಂದಿನಿಂದ ಯಾರಾದರೂ ಕರೆದರೆ ನಿಂತು, ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಬರೀ ಪೆನ್ನು ಕೇಳಲು ಕರೆದವನಿಗೂ ಅಷ್ಟು ಮರ್ಯಾದೆ ಸಿಗುತ್ತಿತ್ತು.

ಅಬುಧಾಬಿಯ ರೀಮ್ ಐಲ್ಯಾಂಡಿನ ನಮ್ಮ ಆಫೀಸಿನಲ್ಲಿ ವೀಸಾ ಕೆಲಸವೆಲ್ಲ ಅವರದು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಯಾರ ವೀಸಾ ಆದರೂ, "ಖಲಾಸ್, ಇನ್ನು ಮನೆಗೆ ಫೋನ್ ಮಾಡಿ ಹೇಳಿ" ಎನ್ನುವರು. ಅರಬರು ಗಂಡಸನ್ನು ಅವನ ಹಿರಿಯ ಮಗನ ಹೆಸರು ಹಿಡಿದು ಕರೆಯುತ್ತಾರೆ. ಹಾಗಾಗಿ ರಿಸೆಪ್ಷನ್ನಿನ ಸುಡಾನಿ ಹಿರಿಯರಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು 'ಅಬು ಫೆಲಿಕ್ಸ್', ಅಂದರೆ ಫೆಲಿಕ್ಸನ ಅಪ್ಪ. ಮಗ ಊರಿನಲ್ಲಿ ಓದುತ್ತಿರಬೇಕೆಂದು ನಾನು ಅಂದುಕೊಂಡಿದ್ದೆ.

ನನ್ನ ಮಗು ಏಳನೇ ತಿಂಗಳಿಗೇ ಹುಟ್ಟಿ, ಒಂದು ದಿನ ಇದ್ದು ಹೋಯಿತು. ನಾಮಕರಣದವರೆಗೂ ಉಳಿಯದ ಮಗುವಿಗೆ ಹೆಸರಿಲ್ಲ. "ಇನ್ನು ಅದನ್ನು ನೆನೆಸ್ಲಿಕ್ಕೆ ಹೋಗ್ಬೇಡ ಮಗಾ" ಎಂದು ಅಮ್ಮ ಉಡುಪಿಯಿಂದ ಫೋನಿನಲ್ಲಿ ಹೇಳಿದಳು. ಗಂಡನೂ ಆ ಮಾತು ಎತ್ತಲಿಲ್ಲ. ಕೆಲಸಕ್ಕೆ ಮರಳಿದ ದಿನ ಎಲ್ಲರೂ ಸೆಕೆಯ ಬಗ್ಗೆ ಮಾತಾಡಿದರು. ಅಬು ಫೆಲಿಕ್ಸ್ ಮಾತ್ರ ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

"ಎಂತ ಹೆಸರಿಟ್ಟದ್ದು ಮಗುವಿಗೆ?"

ಇಟ್ಟಿಲ್ಲ ಎಂದೆ.

ಆಗ ತಮ್ಮ ಕಥೆ ಹೇಳಿದರು. ಅವರಲ್ಲಿ ಮೊದಲ ಗಂಡುಮಗುವಿಗೆ ಅಜ್ಜನ ಹೆಸರು. ಮಗು ಉಳಿಯುವುದಿಲ್ಲವೆಂದು ಗೊತ್ತಾದಾಗ ಪಾದ್ರಿಗಳು ಬರುವಷ್ಟು ಹೊತ್ತಿರಲಿಲ್ಲ. ನರ್ಸೇ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಿ, ಅಜ್ಜನ ಹೆಸರಾದ ಫೆಲಿಕ್ಸ್ ಎಂದೇ ಹೆಸರಿಟ್ಟಳು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

"ಲ್ಯಾಟಿನ್‌ನಲ್ಲಿ ಸುಖಿ, ಭಾಗ್ಯವಂತ ಅಂತ ಅರ್ಥ. ಕೇಳಿ ನನಗೆ ಸಿಟ್ಟೇ ಬಂದಿತ್ತು. ಮತ್ತೆ ಪಾದ್ರಿಗಳು ಹೇಳಿದ್ರು, ಅದಕ್ಕೂ ಮೊದಲು ಆ ಶಬ್ದ ಮರಕ್ಕೆ ಇದ್ದದ್ದಂತೆ. ಫಲ ಬಿಡುವ ಮರಕ್ಕೆ. ಉದುರಿತು ಅಂತ ಫಲವೇ ಬಿಡ್ಲಿಲ್ಲ ಅನ್ಲಿಕ್ಕೆ ಆಗ್ತದಾ? ಇಲ್ಲಿ ಬಂದಾಗ 'ಅಬು ಯಾರು' ಅಂತ ಕೇಳಿದ್ರು. ನಾನು ಸುಳ್ಳು ಹೇಳ್ಲಿಲ್ಲ."

ಆ ಸಂಜೆ ಗಂಡನೂ ನಾನೂ ಪಾರ್ಕಿಂಗ್‌ನಲ್ಲಿ ಕಾರಿನಿಂದ ಇಳಿಯದೆ ಕೂತು ಮಗನಿಗೆ ಆನಂದ ಎಂದು ಹೆಸರಿಟ್ಟೆವು. ಇಬ್ಬರೂ ಒಟ್ಟಿಗೆ ಅತ್ತದ್ದು ಅಂದೇ ಮೊದಲು. ಮರುದಿನ ಅವರಿಗೆ ತಿಳಿಸಿದೆ. ಅಂದಿನಿಂದ ಅವರಿಗೆ ನಾನು 'ಉಮ್ಮ್ ಆನಂದ್', ಆನಂದನ ಅಮ್ಮ.

ಕಳೆದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ದೇಹ ಊರಿಗೆ ಹೋಗುವ ಮುನ್ನ ಇಲ್ಲಿ ಪ್ರಾರ್ಥನೆಯಿತ್ತು. ಹೊರಬರುವಾಗ ನನಗೆ ಒಂದೇ ಯೋಚನೆ: ಆ ಹೆಸರಿನಿಂದ ನನ್ನನ್ನು ಕರೆಯುವವರು ಇನ್ನು ಯಾರೂ ಇಲ್ಲ. ಸ್ವಾರ್ಥವೇ ಇರಬಹುದು, ಆದರೆ ಅಳು ಬಂದದ್ದು ಅದಕ್ಕೇ.

"ಯಾ ಉಮ್ಮ್ ಆನಂದ್," ಎಂದು ಹಿಂದಿನಿಂದ ಯಾರೋ ಕರೆದರು.

ರಿಸೆಪ್ಷನ್ನಿನ ಸುಡಾನಿ ಹಿರಿಯರ ದನಿ. ಅವರಿಗೆ ಯಾರು ಹೇಳಿಕೊಟ್ಟಿದ್ದರೆಂದು ಕೇಳಬೇಕಾಗಿರಲಿಲ್ಲ. ನಾನು ನಿಂತು, ಇಡೀ ಮೈಯನ್ನೇ ತಿರುಗಿಸಿದೆ.