ಗುಂಡು ಹೊಸಿಲು ದಾಟದ ಮನೆ

ಅಕ್ಕನ ಬಳೆಗಳೆಲ್ಲ ಎಡಗೈಯಲ್ಲೇ ಇರುತ್ತಿದ್ದವು. ಎರಡು ಕೈಗೆ ಹಂಚಬೇಕಾದ ಹಸಿರು ಗಾಜಿನ ಬಳೆಗಳನ್ನೂ ಮದುವೆಯಲ್ಲಿ ಬಂದ ಚಿನ್ನದ ಬಳೆಗಳನ್ನೂ ಒಂದೇ ಮುಂಗೈಗೆ ಏರಿಸಿಕೊಂಡು, ಬಲಗೈಯನ್ನು ಬರಿದಾಗಿ ಬಿಟ್ಟುಕೊಂಡು ಅಂಗಡಿಯಲ್ಲಿ ಓಡಾಡುತ್ತಿದ್ದರು. ಪಾತ್ರೆ ಕೊಳ್ಳಲು ಬಂದ ಹೆಂಗಸರು ಇದು ಯಾವುದೋ ಹರಕೆ ಇರಬೇಕು ಎಂದುಕೊಳ್ಳುತ್ತಿದ್ದರು. ಕೆಲವರು ತಡೆಯಲಾರದೆ ಕೇಳಿಯೂ ಬಿಡುತ್ತಿದ್ದರು. “ಏನಿಲ್ಲ ಕಣಮ್ಮ, ಬಲಗೈಲಿ ಪಿಸ್ತೂಲು ಹಿಡಿತೀನಿ. ಬಳೆ ಇದ್ರೆ ಕೈ ಅಲ್ಲಾಡುತ್ತೆ” ಎಂದು ಅಕ್ಕ ಇದ್ದದ್ದನ್ನೇ ಹೇಳುತ್ತಿದ್ದರು. ಕೇಳಿದವರು ತಮಾಷೆ ಎಂದು ನಕ್ಕು, ಕುಕ್ಕರಿನ ಬೆಲೆಯಲ್ಲಿ ಚೌಕಾಸಿ ಶುರುಮಾಡುತ್ತಿದ್ದರು.

ಚನ್ನರಾಯಪಟ್ಟಣದಲ್ಲಿ ಅವರ ಪಾತ್ರೆ ಅಂಗಡಿ. ಹಿಂದೆ ಮನೆ, ಮೇಲೆ ಗೋದಾಮು. ಅವರು ನನಗೆ ನೆಂಟರಲ್ಲ, ನಮ್ಮ ಜನವೂ ಅಲ್ಲ. ನಮ್ಮದು ಹೊಳೆನರಸೀಪುರದ ಕಡೆ ಭತ್ತ ಬೆಳೆಯುವ ಮನೆ. ಅವರದು ಈರುಳ್ಳಿಯನ್ನೂ ಒಳಗೆ ಬಿಡದ ಜೈನರ ಮನೆ. ಆದರೂ ಮೊದಲ ದಿನವೇ ಅಕ್ಕ ಎಂದು ಕರೆದೆ, ಅವರ ಗಂಡ ತಾನಾಗಿಯೇ ಭಾವ ಆದರು. ನನ್ನ ಕಣ್ಣನ್ನೂ ಕೈಯನ್ನೂ ನನಗೆ ವಾಪಸ್ಸು ಕೊಟ್ಟವರು ಅಕ್ಕ. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯ ನನಗಿಲ್ಲ.

ನಾನು ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಭಾನುವಾರ ಹಾಸನಕ್ಕೆ ಹೋಗಿ ಏರ್ ಪಿಸ್ತೂಲು ಹೊಡೆಯುವ ಹುಚ್ಚು ಕಾಲೇಜಿನ ಎನ್‌ಸಿಸಿ ಕಾಲದಲ್ಲಿ ಅಂಟಿದ್ದು. ರಾಜ್ಯ ಮಟ್ಟದ ಸ್ಪರ್ಧೆಗೆ ಹೋಗುವ ಜಿಲ್ಲೆಯ ತಂಡದಲ್ಲಿ ನನ್ನ ಹೆಸರು ಬರಬೇಕು ಎಂಬುದೊಂದೇ ಆಸೆ. ಅದು ಕೈಗೆಟುಕುತ್ತದೆ ಎನ್ನುವ ಹೊತ್ತಿಗೆ, ಚನ್ನರಾಯಪಟ್ಟಣದ ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ್ದ ಲಾರಿಯ ಟೈರು ನನ್ನ ಸ್ಕೂಟರಿನ ಪಕ್ಕದಲ್ಲೇ ಸಿಡಿಯಿತು. ಬಿದ್ದೆ. ಮಂಡಿ ತರಚಿದ್ದು ಬೇಗ ಮಾಯಿತು, ಆ ಸದ್ದು ಮಾತ್ರ ಒಳಗೇ ಉಳಿಯಿತು. ಕುಕ್ಕರ್ ಕೂಗಿದರೆ ಎದೆ ಧಸಕ್ಕೆನ್ನುತ್ತಿತ್ತು. ತರಗತಿಯಲ್ಲಿ ಯಾರಾದರೂ ಬಾಗಿಲು ಬಡಿದರೆ ಸೀಮೆಸುಣ್ಣ ಕೈಯಿಂದ ಬೀಳುತ್ತಿತ್ತು. ಸ್ಕೂಟರನ್ನು ಕೊಟ್ಟಿಗೆಗೆ ತಳ್ಳಿ ಬಸ್ಸು ಹಿಡಿದೆ. ಪಿಸ್ತೂಲು ಹಿಡಿದರಂತೂ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಮುಂಗೈ ಕುಸಿಯುತ್ತಿತ್ತು. ಗುಂಡು ಹಾಳೆಯ ಯಾವುದೋ ಮೂಲೆಗೆ ಹೋಗುತ್ತಿತ್ತು. ಜೊತೆಯವರು ಕನ್ನಡಕ ಬದಲಿಸು, ಹಿಡಿ ಬದಲಿಸು, ನಿಲ್ಲುವ ರೀತಿ ಬದಲಿಸು ಎಂದು ತಲೆಗೊಂದು ಸಲಹೆ ಕೊಟ್ಟರು.

ಅಕ್ಕ ಆಗಾಗ ಹಾಸನದ ಶೂಟಿಂಗ್ ರೇಂಜಿಗೆ ಬರುತ್ತಿದ್ದರು. ಮದುವೆಗೆ ಮುಂಚೆ ರಾಜ್ಯದ ಪರವಾಗಿ ಹೊಡೆದವರು ಎಂದು ಕೇಳಿದ್ದೆ, ಮಾತಾಡಿಸಿರಲಿಲ್ಲ. ಒಂದು ದಿನ ನನ್ನ ಹಿಂದೆ ಬಹಳ ಹೊತ್ತು ನಿಂತಿದ್ದು, ನಾನು ಪಿಸ್ತೂಲು ಕೆಳಗಿಟ್ಟ ಮೇಲೆ ಹತ್ತಿರ ಬಂದರು.

“ಯಾವ ಸದ್ದಿಗೆ ಹೆದ್ರಿದೀಯೇ?” ಎಂದರು.

ಅಷ್ಟು ಜನರ ನಡುವೆ ಅಳು ಬಂದುಬಿಟ್ಟಿತು. ಅವರು ಸಮಾಧಾನ ಮಾಡಲು ಹೋಗಲಿಲ್ಲ. ಸೆರಗಿನ ಗಂಟಿನಿಂದ ಏಲಕ್ಕಿ ಬಿಡಿಸಿ ಕೊಟ್ಟು, “ಸದ್ಯಕ್ಕೆ ಗುಂಡು ಮುಟ್ಬೇಡ. ನಮ್ಮನೆಗೆ ಬಾ. ಒಣ ಹೊಡ್ತ ಹೇಳಿಕೊಡ್ತೀನಿ” ಎಂದರು.

ಒಣ ಹೊಡೆತ ಎಂದರೆ ಪಿಸ್ತೂಲಿಗೆ ಗುಂಡು ಹಾಕದೆ, ಖಾಲಿ ಗೋಡೆಗೆ ಗುರಿ ಹಿಡಿದು ಟ್ರಿಗರ್ ಒತ್ತುವುದು. ಟಿಕ್ ಎಂದು ಸಣ್ಣಗೆ ಕೇಳುತ್ತದೆ, ಅಷ್ಟೇ. ಪುಸ್ತಕದವರು ಇದಕ್ಕೆ ಡ್ರೈ ಫೈರ್ ಎನ್ನುತ್ತಾರೆ. ಎಲ್ಲ ಆಟಗಾರರೂ ಮಾಡುವುದೇ. ಆದರೆ ಅಕ್ಕನ ಮನೆಯಲ್ಲಿ ಬೇರೆ ದಾರಿಯೇ ಇರಲಿಲ್ಲ, ಏಕೆಂದರೆ ಅಲ್ಲಿ ಅಕ್ಕನ ಅತ್ತೆ ಇದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯ ಟ್ರಂಕಿನಲ್ಲಿ ಪಿಸ್ತೂಲೂ ಸೀಸದ ಗುಂಡಿನ ಡಬ್ಬಿಯೂ ಕಂಡಾಗ ಆ ಮನೆಯಲ್ಲಿ ಏನಾಗಿರಬೇಡ! ಇದು ಬರೀ ಹಾಳೆ ತೂತು ಮಾಡೋ ಆಟ ಅತ್ತೆ ಎಂದು ಅಕ್ಕ ಗೋಗರೆದಿದ್ದರಂತೆ. “ಆಳೆ ಯಾವ್ದು, ಗುಬ್ಬಿ ಯಾವ್ದು ಅಂತ ಗುಂಡಿಗೇನ್ ಗೊತ್ತಾದದೆ? ಪಿಸ್ತೂಲು ಇರ್ಲಿ, ನಿನ್ ತವರಿಂದ ಬಂದಿದ್ದು. ಗುಂಡು ಒಸ್ಲು ದಾಟಂಗಿಲ್ಲ” ಎಂದು ಅತ್ತೆ ತೀರ್ಮಾನ ಕೊಟ್ಟರಂತೆ. ಅಂದಿನಿಂದ ಗುಂಡಿನ ಡಬ್ಬಿ ಹಾಸನದ ರೇಂಜಿನಲ್ಲೇ ಉಳಿಯಿತು. ಎಷ್ಟೋ ವರ್ಷ ಅಕ್ಕ ಮನೆಯಲ್ಲಿ ಒಣ ಹೊಡೆತವನ್ನೇ ಹೊಡೆದರು. “ನಮ್ಮತ್ತೆನೇ ನಂಗೆ ಕೋಚು ಕಣೇ” ಎಂದು ಅತ್ತೆಗೆ ಕೇಳುವ ಹಾಗೇ ಹೇಳುತ್ತಿದ್ದರು.

ಈ ಕೋಚು ನನ್ನನ್ನೂ ಸುಮ್ಮನೆ ಬಿಡಲಿಲ್ಲ. ಮೆಟ್ಟಿಲ ಬುಡದಲ್ಲಿ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಹೋದ ತಕ್ಷಣ, “ಚೀಲ ತಗಿ” ಎನ್ನುತ್ತಿದ್ದರು. ಪುಸ್ತಕ, ನೀರಿನ ಬಾಟಲಿ, ಟಿಫನ್ ಡಬ್ಬಿ, ಎಲ್ಲದರ ತಪಾಸಣೆ. ಒಮ್ಮೆ ಪೆಪ್ಪರ್‌ಮೆಂಟಿನ ಪುಟ್ಟ ಡಬ್ಬಿ ಸಿಕ್ಕಿ, ಅದನ್ನು ಕಿವಿಯ ಬಳಿ ಅಲ್ಲಾಡಿಸಿ, ಮುಚ್ಚಳ ತೆಗೆದು ಮೂಸಿ, ಕೊನೆಗೆ ಒಂದನ್ನು ಬಾಯಿಗೆ ಹಾಕಿಕೊಂಡ ಮೇಲೆಯೇ ನನ್ನನ್ನು ಮೇಲಕ್ಕೆ ಬಿಟ್ಟರು.

ಗೋದಾಮಿನ ಒಂದು ಗೋಡೆಗೆ ಅಕ್ಕ ಬೆಳ್ಳಗೆ ಸುಣ್ಣ ಹೊಡೆಸಿದ್ದರು. ಅದರ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಗುಂಡೇ ಇಲ್ಲದ ಮನೆಯಾದರೂ ಪಿಸ್ತೂಲು ಕೈಗೆ ಕೊಡುವ ಮೊದಲು ಪ್ರತಿ ಸಲವೂ ತೆರೆದು, ಬೆಳಕಿಗೆ ಹಿಡಿದು ಖಾಲಿ ಇದೆಯೆಂದು ತೋರಿಸುತ್ತಿದ್ದರು. ನಾನೂ ತೆರೆದು ಅವರಿಗೆ ತೋರಿಸಬೇಕಿತ್ತು. ಗೊತ್ತಿರೋದೇ ಅಲ್ವಾ ಅಕ್ಕ ಎಂದರೆ, “ಗೊತ್ತಿದ್ರೂ ನೋಡು” ಎನ್ನುತ್ತಿದ್ದರು. ಆಮೇಲೆ ಕುಂಕುಮದ ಭರಣಿಯ ಮುಚ್ಚಳವೊಂದನ್ನು ಪಿಸ್ತೂಲಿನ ನಳಿಕೆಯ ಮೇಲೆ ಇಡುತ್ತಿದ್ದರು. ಟ್ರಿಗರ್ ಒತ್ತಿದಾಗ ಮುಚ್ಚಳ ಬೀಳಬಾರದು. ನನ್ನದು ಒತ್ತುವ ಮೊದಲೇ ಬೀಳುತ್ತಿತ್ತು.

ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಮೊನೆ ಎಲ್ಲಿತ್ತು?” ನಳಿಕೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಪುಟ್ಟ ಮೊನೆ ಇರುತ್ತದೆ. ಟ್ರಿಗರ್ ಬಿಟ್ಟುಕೊಂಡ ಆ ಕ್ಷಣ ಅದು ನಡುವಿಗಿತ್ತೋ ಪಕ್ಕಕ್ಕೆ ಸರಿದಿತ್ತೋ ಎಂದು ಹೇಳಬೇಕು. ಕಣ್ಣು ಮುಚ್ಚಿದವಳಿಗೆ ಏನು ಕಂಡೀತು? “ಗೊತ್ತಾಗ್ಲಿಲ್ಲ ಅಕ್ಕ” ಎಂದೇ ನನ್ನ ಉತ್ತರ. ಗುರಿ ಕೂಡಿ ಬರದಿದ್ದರೆ ಅವರು “ಇಳ್ಸು” ಎನ್ನುತ್ತಿದ್ದರು. ಒತ್ತಲೇಬೇಕೆಂಬ ಹಟ ಬೇಡ, ಕೈ ಇಳಿಸು, ಉಸಿರು ತಗೋ, ಮತ್ತೆ ಎತ್ತು. ಹೀಗೆ ಎತ್ತಿ ಇಳಿಸಿ, ಎತ್ತಿ ಇಳಿಸಿ ಭುಜ ಬಿದ್ದುಹೋಗುತ್ತಿತ್ತು. ಹೊತ್ತು ಮುಳುಗುವ ಮುಂಚೆ ಅವರ ಮನೆಯಲ್ಲಿ ಊಟ ಮುಗಿಯಬೇಕು. ಹಾಗಾಗಿ ಬಿಸಿಲು ಇಳಿಯುತ್ತಲೇ ಪಿಸ್ತೂಲು ಪೆಟ್ಟಿಗೆಗೆ ಹೋಗಿ, ನನ್ನ ಮುಂದೆ ಅಕ್ಕಿರೊಟ್ಟಿ, ಹುರುಳಿಕಾಯಿ ಪಲ್ಯ ಬರುತ್ತಿತ್ತು. ಇಷ್ಟು ಬೇಗ ಹಸಿವಿಲ್ಲ ಎಂದರೆ ಯಾರು ಕೇಳುತ್ತಾರೆ!

ಟಿಕ್ ಎಂಬ ಸದ್ದಿಗೆ ಕಣ್ಣು ಒಗ್ಗಿತು. ಮುಚ್ಚಳ ನಿಲ್ಲತೊಡಗಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅಕ್ಕ, “ನಾಳೆ ಸಂತೆ. ನಾಳೆನೇ ಬಾ” ಎಂದರು.

ಸಂತೆಯ ದಿನ ಪಾತ್ರೆ ಅಂಗಡಿಯಲ್ಲಿ ನಿಂತವರಿಗೇ ಗೊತ್ತು. ಬಂದವರೆಲ್ಲ ತಪ್ಪಲೆ ಬಡಿದು ನೋಡುವವರೇ. ಕೆಳಗೆ ತಟ್ಟೆಗಳು ಜಾರುತ್ತಿದ್ದವು, ಕೊಡಗಳು ಉರುಳುತ್ತಿದ್ದವು. ಒಂದೊಂದು ಸದ್ದಿಗೂ ನಾನು ಮೆಟ್ಟಿಬೀಳುತ್ತಿದ್ದೆ, ಭರಣಿಯ ಮುಚ್ಚಳ ಟಣ್ಣೆಂದು ನೆಲಕ್ಕೆ. ಅಕ್ಕ ಕೆಳಗೆ ವ್ಯಾಪಾರ ಮಾಡುತ್ತಲೇ, ಗಿರಾಕಿಗೆ ಹೇಳುವ ದನಿಯಲ್ಲೇ “ಮೊನೆ ಎಲ್ಲಿತ್ತು?” ಎಂದು ಕೂಗುತ್ತಿದ್ದರು. ನನ್ನದು ಮೊದಲೇ ಮೂಗಿನ ತುದಿಯಲ್ಲಿ ಕೋಪ. ಪಿಸ್ತೂಲು ಪೆಟ್ಟಿಗೆಗಿಟ್ಟು ಧಡಧಡ ಇಳಿದು ಬಂದೆ.

“ನಾನೇನ್ ನಿಮ್ಮಂಗಡಿ ಪಾತ್ರೇನಾ ಅಕ್ಕ, ಹಿಂಗೆ ಬಡಿದು ನೋಡೋಕೆ?”

“ಬಡಿದು ನೋಡ್ದೆ ಯಾರೇ ತಗೋತಾರೆ?” ಎಂದರು ಅಕ್ಕ, ಲೋಟ ಪೊಟ್ಟಣ ಕಟ್ಟುತ್ತಾ. “ಸದ್ದು ಬಂದ್ರೆ ಬರ್ಲಿ ಬಿಡು. ಅದನ್ನ ನಿಲ್ಸೋಕೆ ನಿನ್ ಕೈಲೂ ಆಗಲ್ಲ, ನನ್ ಕೈಲೂ ಆಗಲ್ಲ. ನೀನು ಮೊನೆ ನೋಡು, ಹೋಗು.”

ಹೋದೆ. ಮುಂದಿನ ಸಂತೆಗೂ ಹೋದೆ, ಅದರ ಮುಂದಿನದಕ್ಕೂ. ಒಂದು ಸಂತೆಯ ದಿನ ಭಾವ ಮದುವೆ ಮನೆಯವರಿಗೆಂದು ದೊಡ್ಡ ಹಿತ್ತಾಳೆ ಕೊಳಗವನ್ನು ಇಳಿಸುತ್ತಿದ್ದರು. ಅದು ಕೈಜಾರಿ ಮೆಟ್ಟಿಲ ಮೇಲಿಂದ ಬುಡದವರೆಗೂ ಉರುಳಿತು. ಅಂಗಡಿಯೇ ಅದುರಿತು. ಸರಿಯಾಗಿ ಆಗಲೇ ನನ್ನ ಬೆರಳು ಟ್ರಿಗರ್ ಒತ್ತಿತ್ತು.

“ಮೊನೆ ಎಲ್ಲಿತ್ತೇ?”

“ಎಡಕ್ಕೆ, ಒಂಚೂರು ಕೆಳಗೆ!” ಎಂದು ಕೂಗಿದೆ.

ಮರುಕ್ಷಣ ಮೆಟ್ಟಿಲ ಮೇಲೆ ಬಳೆ ಸದ್ದು. ಅಕ್ಕ ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲಿ ನಿಂತರು. “ಕಂಡ್ತಾ? ನಿಂಗೆ ಕಂಡ್ತಾ?” ಎಂದರು. ಹೊಡೆತ ಕೆಟ್ಟದ್ದೇ, ಆದರೆ ನನಗೆ ಕಂಡಿತ್ತು. ಆ ಸದ್ದಿನೊಳಗೂ ನನ್ನ ಕಣ್ಣು ತೆರೆದಿತ್ತು. ಇಬ್ಬರೂ ಗೋಣಿಚೀಲದ ಮೇಲೆ ಕೂತು ಹುಚ್ಚರ ಹಾಗೆ ನಕ್ಕೆವು. ಕೆಳಗೆ ಭಾವ ಒಬ್ಬರೇ ಕೊಳಗದ ನೆಗ್ಗು ನೋಡಿಕೊಂಡು ಮದುವೆ ಮನೆಯವರಿಗೆ ಸಮಜಾಯಿಷಿ ಹೇಳುತ್ತಿದ್ದರು.

ಆ ವರ್ಷದ ಆಯ್ಕೆ ಸ್ಪರ್ಧೆ ಹಾಸನದಲ್ಲಿ ನಡೆಯಿತು. ಕೈ ನೆಟ್ಟಗಿತ್ತು, ಕಣ್ಣು ನೆಟ್ಟಗಿತ್ತು. ತಂಡದಲ್ಲಿ ನನ್ನ ಹೆಸರು ಖಂಡಿತ ಎಂದು ಎಲ್ಲರೂ ಪಿಸುಗುಡುವಷ್ಟು ಚೆನ್ನಾಗಿ ಹೊಡೆಯುತ್ತಿದ್ದೆ. ಕೊನೆಯ ಸರದಿಯಲ್ಲಿ ಪಿಸ್ತೂಲು ಎತ್ತಿದೆ, ಮೊನೆ ನಡುವಿಗೆ ಬಂದು ನಿಂತಿತು, ಬೆರಳು ತಾನಾಗಿ ಒತ್ತಿತು. ಫುಸ್ಸೆಂದು ಗಾಳಿ ಬಂತು. ಆ ಹೊಡೆತಕ್ಕೆಂದು ಹಾಕಿದ್ದ ಹೊಸ ಹಾಳೆ ತಂತಿಯ ಮೇಲೆ ಜಾರಿ ಹಿಂದಕ್ಕೆ ಬಂದಾಗ ನೋಡಿದರೆ ಬೆಳ್ಳಗೆ, ಅಚ್ಚುಕಟ್ಟಾಗಿ, ಒಂದು ತೂತೂ ಇಲ್ಲದೆ ನಗುತ್ತಿತ್ತು. ನಾನು ಗುಂಡನ್ನೇ ಹಾಕಿರಲಿಲ್ಲ! ತಿಂಗಳುಗಟ್ಟಲೆ ಗೋದಾಮಿನಲ್ಲಿ ಗುಂಡಿಲ್ಲದೆ ಎತ್ತಿ ಎತ್ತಿ, ಕೈಗೆ ಅದೇ ರೂಢಿಯಾಗಿತ್ತು. ಆ ಹೊಡೆತಕ್ಕೆ ಸೊನ್ನೆ. ಅದೊಂದರಿಂದ ತಂಡದಿಂದ ಹೊರಗುಳಿದೆ.

ಹೊರಗೆ ಜಗಲಿಯ ಮೇಲೆ ಕೂತಿದ್ದ ಅಕ್ಕನ ಬಳಿ ಹೋಗಿ ನಿಂತೆ. ಬೈದರೆ ಸಾಕು ಅನಿಸುತ್ತಿತ್ತು.

“ಮೊನೆ ಎಲ್ಲಿತ್ತು?” ಎಂದರು.

“ನಡುವಿಗೇ ಇತ್ತು ಅಕ್ಕ.”

“ಕಣ್ಣಾರೆ ನೋಡ್ದಾ?”

“ನೋಡ್ದೆ.”

“ಹಂಗಾದ್ರೆ ಹತ್ತಕ್ಕೆ ಹತ್ತೇ ಕಣೇ ಅದು. ಹಾಳೆಗೆ ಗೊತ್ತಾಗಿಲ್ಲ, ಅಷ್ಟೆ.” ಹಾಗೆಂದವರೇ ತಡೆಯಲಾರದೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದರಲ್ಲಿ ಎಷ್ಟು ನಗುವಿನದು, ಎಷ್ಟು ನನ್ನ ಸಲುವಾಗಿ ಬಂದದ್ದು ಎಂದು ನಾನು ಕೇಳಲಿಲ್ಲ. ವಿಷಯ ಮನೆಗೆ ತಲುಪಿದ ಮೇಲೆ ಅತ್ತೆ ಮೊದಲ ಬಾರಿಗೆ ನನ್ನ ಚೀಲ ನೋಡದೆ ಒಳಗೆ ಬಿಟ್ಟರು. “ಪಾಪ, ಈ ಉಡ್ಗಿ ಗುಂಡು ಆಕಾದೇ ಮರ್ತೋಗದೆ” ಎಂದು ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರಂತೆ.

ಮರುವರ್ಷ ತಂಡದಲ್ಲಿ ನನ್ನ ಹೆಸರಿತ್ತು. ಪದಕವೇನೂ ಬರಲಿಲ್ಲ. ರಾಜ್ಯದ ಸ್ಪರ್ಧೆ ಮುಗಿಸಿ ಬೆಂಗಳೂರಿನಿಂದ ಬಂದ ಮಾರನೆಯ ದಿನ ಕೊಟ್ಟಿಗೆಯಿಂದ ಸ್ಕೂಟರು ಹೊರಗೆ ತೆಗೆದೆ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಭಾವ ಫೋನ್ ಮಾಡಿದರು. ರಾತ್ರಿ ಎದೆನೋವು ಬಂದು, ಆಸ್ಪತ್ರೆ ಮುಟ್ಟುವುದರೊಳಗೆ ಅಕ್ಕ ಹೋಗಿಬಿಟ್ಟಿದ್ದರು. ಅದೇ ರಸ್ತೆಯಲ್ಲಿ, ತೆಂಗಿನಕಾಯಿ ಲಾರಿಗಳ ಪಕ್ಕದಲ್ಲೇ ಸ್ಕೂಟರು ಓಡಿಸಿಕೊಂಡು ಹೋದೆ. ಹೋದೆ ಎಂಬುದು ಅಂಗಡಿಯ ಮುಂದೆ ಇಳಿದ ಮೇಲೆ ಅರಿವಾಯಿತು.

ನಡುಮನೆಯಲ್ಲಿ ಮಲಗಿಸಿದ್ದರು. ಮುತ್ತೈದೆಯರು ಸೇರಿ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಎರಡೂ ಕೈತುಂಬ ಹೊಸ ಬಳೆ ತೊಡಿಸಿದ್ದರು. ಅಕ್ಕನ ಬಲಗೈಯಲ್ಲಿ ಬಳೆ ನೋಡಿದ್ದು ಅದೇ ಮೊದಲು. ಬೇರೆ ಯಾರದೋ ಕೈ ಅನಿಸಿ ಮುಖ ತಿರುಗಿಸಿಕೊಂಡೆ. ಅಷ್ಟರಲ್ಲಿ ಗೋಡೆಗೊರಗಿ ಕೂತಿದ್ದ ಅತ್ತೆ ಬಾಯಿ ತೆರೆದರು.

“ಬಲಗೈಗೆ ಯಾರ್ರೇ ಆಕ್ದೋರು? ತಗೀರಿ.”

“ಮುತ್ತೈದೆ ಅಲ್ವೇ ಅಮ್ಮಾವ್ರೇ, ಎರಡ್ ಕೈಗೂ ಇರ್ಬೇಕು” ಎಂದು ಯಾರೋ ಮೆಲ್ಲಗೆ ಅಂದರು.

“ನಂಗೊತ್ತಿಲ್ವಾ? ಆ ಕೈ ಅಲ್ಲಾಡಕೂಡ್ದು ಕಣ್ರೇ. ಎಲ್ಲಾನೂ ಎಡಗೈಗೇ ಆಕಿ.”

ಯಾರೂ ಮುಂದೆ ಬರಲಿಲ್ಲ. ಅತ್ತೆ ಸುತ್ತ ನೋಡಿ, ನನ್ನ ಕಡೆ ಕೈಮಾಡಿದರು. “ನೀ ಬಾರೇ.”

ಪಕ್ಕದಲ್ಲಿ ಕೂತು ಅಕ್ಕನ ಬಲಗೈಯನ್ನು ನನ್ನ ತೊಡೆಯ ಮೇಲೆ ಎತ್ತಿಕೊಂಡೆ. ಬೆರಳುಗಳು ಬಿಗಿದಿದ್ದವು. ಎಲ್ಲ ಗಾಜಿನ ಬಳೆಗಳು. ಒಂದೊಂದನ್ನೇ ಹೆಬ್ಬೆರಳಿನ ಗೆಣ್ಣು ದಾಟಿಸಿ ತೆಗೆದೆ, ಒಂದೊಂದನ್ನೇ ಎಡಗೈಗೆ ಏರಿಸಿದೆ. ನನ್ನ ಕೈ ನಡುಗಲಿಲ್ಲ. ಒಂದು ಬಳೆಯೂ ಒಡೆಯಲಿಲ್ಲ.